ಆಳಂದದಿಂದ ತಂದ ಹಳೆ ಕ್ಯಾಮೆರಾ

ನಮ್ಮವ್ವ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಮನೆಯೆಲ್ಲ ಹುಡುಕಿದ ಮೇಲೆ ಒಂದು ಸಿಕ್ಕಿತು, ನಮ್ಮಣ್ಣ ತನ್ನ ಡಬ್ಬಾ ಕ್ಯಾಮೆರಾದಲ್ಲಿ ತೆಗೆದದ್ದು. ಅದರಲ್ಲಿ ಅವ್ವ ಹೊಸ್ತಿಲ ಮೇಲೆ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊರ ಇತ್ತು, ಬಳೆ ತುಂಬಿದ ಕೈಗಳಿದ್ದವು, ಇಳಕಲ್ ಸೀರೆಯ ಸೆರಗು ಇತ್ತು, ಗದ್ದವೂ ಇತ್ತು. ಬಾಯಿಯಿಂದ ಮೇಲಕ್ಕೆ ಏನೂ ಇರಲಿಲ್ಲ. ಆ ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿಯೇ ಬೇರೆ, ಚಿತ್ರ ಹಿಡಿಯುವ ಗಾಜೇ ಬೇರೆ. ಹತ್ತಿರ ಹೋಗಿ ತೆಗೆದರೆ ಕಿಂಡಿಯಲ್ಲಿ ಕಂಡ ತಲೆ ರೋಲಿನಲ್ಲಿ ಬರುತ್ತಿರಲಿಲ್ಲ. ಅಣ್ಣನಿಗೆ ಅದು ಗೊತ್ತಿರಲಿಲ್ಲ.

ಬಳಗದವರು ಹೇಳಿದಂತೆ ಅಪ್ಪ ಆ ಫೋಟೋವನ್ನು ಗುಲ್ಬರ್ಗಾದ ಒಬ್ಬ ಪೇಂಟರನಿಗೆ ಕೊಟ್ಟರು. ಅವ್ವನ ಹಣೆ ಅಗಲವಿತ್ತು, ಮೂಗು ನೆಟ್ಟಗಿತ್ತು, ವಿಭೂತಿ ಹೀಗೆ ಹಚ್ಚುತ್ತಿದ್ದಳು ಎಂದು ಬಾಯಿಂದ ಹೇಳಿ ಬಂದರು. ಆತ ಬರೆದುಕೊಟ್ಟ. ನಮ್ಮವ್ವನ ಸೀರೆಯ ಮೇಲೆ ಯಾರೋ ಬೇರೆ ಹೆಂಗಸಿನ ಮುಖ. ಚಂದವಾಗೇ ಇತ್ತು ಆ ಮುಖ. ಅದಕ್ಕೆ ಹಾರ ಹಾಕಿ ನಡುಮನೆಯಲ್ಲಿ ತೂಗುಹಾಕಿದರು. ನಾನು ಅದರ ಕೆಳಗೆ ಕೂತು ಊಟ ಮಾಡುವುದನ್ನೇ ಬಿಟ್ಟೆ.

ಆಗ ನಾನು ನಮ್ಮೂರಾದ ಆಳಂದದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿ ಸೇರಿ ಸ್ವಲ್ಪ ದಿನವಾಗಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮಾಲೀಕರು ಅದೇ ವರ್ಷ ಎದೆನೋವಿನಿಂದ ಹೋಗಿಬಿಟ್ಟಿದ್ದರು. ಅವರ ಹೆಂಡತಿ ಸ್ಟುಡಿಯೋದ ಹಿಂದಿನ ಮನೆಯಲ್ಲೇ ಒಬ್ಬರೇ ಇದ್ದರು. ಓಣಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಅವರು ಗಂಡನ ಕ್ಯಾಮೆರಾ ಸಾಮಾನು ಮಾರುತ್ತಾರಂತೆ ಎಂಬ ಸುದ್ದಿ ಕೇಳಿ ಒಂದು ಸಂಜೆ ಹೋದೆ.

"ಯಾರಿಗಿ ಬೇಕು? ನಿಮ್ಮ ಅಣ್ಣಾರಿಗೇನು?" ಎಂದರು ಖಾಲಾ.

"ನನಗೇ ಬೇಕ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗಂಡಸರು ಬಂದು ಕೇಳಿ ಹೋಗ್ಯಾರ, ಬೇಟಿ. ಸೊಲ್ಲಾಪುರದಿಂದನೂ ಬಂದಿದ್ರು. ಯಾರಿಗೂ ಹೂಂ ಅಂದಿಲ್ಲ ನಾ. ಕೊಟ್ಟ ಮ್ಯಾಲ ಅವರು ಈ ಓಣಿ ಕಡೆ ತಿರುಗಿ ಸುದ್ದಾ ನೋಡಂಗಿಲ್ಲ. ನೀ ದಿನಾ ಈ ದಾರಿಲೇ ಹೋಗ್ತಿ. ನೀ ತಗೊ."

ಹೀಗೆ ಆ ಸಾಮಾನು ನನ್ನ ಕೈಗೆ ಬಂತು. ಚರ್ಮದ ಒಂದು ಚೀಲ, ಬೆವರು ಮತ್ತು ಔಷಧದ ವಾಸನೆಯದು. ಒಳಗೆ ಭಾರವಾದ ಕಪ್ಪು ಕ್ಯಾಮೆರಾ. ಅದಕ್ಕೆ ಹಚ್ಚಿ ತೆಗೆಯಬಹುದಾದ ಮೂರು ಲೆನ್ಸುಗಳಿದ್ದವು. ಉದ್ದನೆಯದರೊಳಗೆ ಬೂಸು ಹತ್ತಿ ಜೇಡರ ಬಲೆಯಂತಾಗಿತ್ತು. ಬೆಳಕು ಅಳೆಯುವ ಮುಳ್ಳು ಸತ್ತಿತ್ತು. ಫ್ಲ್ಯಾಷು ಮಾತ್ರ ಸುಸ್ಥಿತಿಯಲ್ಲಿತ್ತು. ನಾನು ಅದನ್ನೆಲ್ಲ ಲೆಕ್ಕಿಸಲೇ ಇಲ್ಲ. ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದೆ. ನೇರವಾಗಿ ಆ ಲೆನ್ಸಿನೊಳಗಿಂದಲೇ ಕಾಣುತ್ತಿತ್ತು. ಏನು ಕಾಣುತ್ತದೋ ಅದೇ ಬರುತ್ತದೆ, ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲ. ಎದುರಿಗೆ ಕುಳಿತ ಖಾಲಾನ ಮುಖ ನಡುವೆ ಸೀಳಿ ಎರಡು ತುಂಡಾಗಿತ್ತು. ಲೆನ್ಸಿನ ಉಂಗುರ ತಿರುಗಿಸುತ್ತ ಹೋದಂತೆ ಎರಡೂ ಸರಿದು ಬಂದು ಕೂಡಿಕೊಂಡವು. ಆಗ ನನಗೆ ಅಳು ಬಂದದ್ದು ಯಾಕೆಂದು ಖಾಲಾ ಕೇಳಲಿಲ್ಲ.

ಫೋಟೋ ತೆಗೆಯುವುದು ಖಾಲಾಗೆ ಬರುತ್ತಿರಲಿಲ್ಲ. ಆದರೆ ರೋಲ್ ತೊಳೆಯುವುದು ಬರುತ್ತಿತ್ತು. "ಅವರು ತಗೀತಿದ್ರು, ನಾ ಕತ್ತಲಾಗ ಕೂತು ತೊಳೀತಿದ್ದೆ" ಎನ್ನುತ್ತಿದ್ದರು. ಇಬ್ಬರೂ ಕೂಡಿಯೇ ಕಲಿತೆವು. ನಾನು ತೆಗೆದ ಮೊದಲ ರೋಲು ಪೂರ್ತಿ ಬಿಳಿ ಬಂತು. ರೋಲನ್ನು ಮುಂದೆ ಎಳೆಯುವ ಒಳಗಿನ ಹಲ್ಲಿಗೆ ಅದು ಸಿಕ್ಕೇ ಇರಲಿಲ್ಲ, ನಾನು ಬರಿಗಾಳಿಯ ಫೋಟೋ ತೆಗೆಯುತ್ತಿದ್ದೆ. ಎರಡನೆಯದರಲ್ಲಿ ಅಪ್ಪ ಬಂದರು, ಕಟ್ಟೆಯ ಮೇಲೆ ಕುಳಿತು ಲಿಂಗಪೂಜೆ ಮುಗಿಸಿ ಎದ್ದೇಳುತ್ತಿದ್ದ ಅಪ್ಪ. ಹಣೆಯ ಮೂರು ಗೆರೆ ವಿಭೂತಿ, ಹುಬ್ಬಿನ ಬಿಳಿ ಕೂದಲು, ಎಲ್ಲ ಇತ್ತು. ಅಪ್ಪ ಅದನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದು, "ಇದು ಎರಡು ವರ್ಷ ಮೊದಲ ಬಂದಿದ್ರ ಚಲೋ ಇತ್ತು" ಎಂದು ನನ್ನ ಕೈಗೆ ಕೊಟ್ಟು ಎದ್ದು ಹೋದರು.

ಆಮೇಲೆ ಭಾನುವಾರ ಬಂದರೆ ನಮ್ಮ ಅಂಗಳಕ್ಕೆ ಹೆಂಗಸರು ಬರತೊಡಗಿದರು. ಸ್ಟುಡಿಯೋಕ್ಕೆ ಹೋದರೆ ಗಂಡನೋ ಮೈದುನನೋ ಜೊತೆಗಿರಬೇಕು, ಫೋಟೋ ತೆಗೆಯುವವನು ಗಂಡಸು, ಗದ್ದ ಎತ್ತು ಎಂದು ಕೈಯಿಂದ ಮುಟ್ಟಿದರೂ ಮುಟ್ಟಿದನೇ. ನನ್ನಲ್ಲಿ ಆ ತೊಂದರೆ ಇರಲಿಲ್ಲ. ಮುಸಲ್ಮಾನರ ಓಣಿಯಿಂದಲೂ ಬಂದರು, ಬುರ್ಖಾ ತೆಗೆದು ಗೂಟಕ್ಕೆ ಹಾಕಿ ಕೂತರು. ಐದು ಮಕ್ಕಳ ತಾಯಿಯೊಬ್ಬಳು ಮಕ್ಕಳನ್ನೆಲ್ಲ ಬಾಗಿಲ ಹೊರಗೆ ನಿಲ್ಲಿಸಿ, "ನಂದು ಒಬ್ಬಾಕಿದೇ ತಗೀರಿ ಬಾಯಾರ, ನಾ ಒಬ್ಬಾಕಿನೇ ಇರೋದು ಯಾವದೂ ಇಲ್ಲ" ಎಂದಿದ್ದಳು. ತೊಗರಿ ಕೊಯ್ಲಿನ ದಿನ ನಿಂಬರ್ಗಾದ ಹೊಲಕ್ಕೆ ಹೋದಾಗ ಕೂಲಿಗೆ ಬಂದ ಹೆಂಗಸರು, "ಇದು ಸರ್ಕಾರದ್ದೇನ್ರಿ? ಹೆಸರು ಬರಸಬೇಕೇನು?" ಎಂದು ಕೇಳಿದರು. ಸುಮ್ಮನೆ ತೆಗೆಯುತ್ತಿದ್ದೇನೆ ಎಂದರೆ ನಂಬಲಿಲ್ಲ. ಆಮೇಲೆ ಪ್ರಿಂಟು ತೆಗೆದುಕೊಂಡು ಹೋಗಿ ಕೈಯಲ್ಲಿಟ್ಟಾಗ ನಂಬಿದರು.

ಅವೇ ನನ್ನ ಒಳ್ಳೆಯ ದಿನಗಳು. ಹೆಚ್ಚು ಇರಲಿಲ್ಲ.

ಅಫಜಲಪುರದಿಂದ ಸಂಬಂಧ ಬಂತು. ಹುಡುಗ ಅಲ್ಲಿಯ ಒಂದು ಕಚೇರಿಯಲ್ಲಿ ನೌಕರ, ಮಾತು ಮೃದು, ಓದಿದವನು. ನೋಡಲು ಬಂದ ದಿನ ಕ್ಯಾಮೆರಾದ ಸುದ್ದಿ ನಾನೇ ಎತ್ತಿದೆ. ಮುಚ್ಚಿಡಬಾರದು ಎಂದಿತ್ತು ನನಗೆ. ಅವರು ಅದನ್ನು ತರಿಸಿ, ಕೈಯಲ್ಲಿ ತೂಗಿ ನೋಡಿ, "ಇಂಥಾ ಹವ್ಯಾಸ ಇರೋ ಹೆಣ್ಣುಮಗಳು ಸಿಗೋದು ಕಮ್ಮಿ" ಎಂದರು. ಆ ಒಂದು ಮಾತಿಗೇ ನಾನು ಒಪ್ಪಿದೆ ಎಂದರೆ ತಪ್ಪಲ್ಲ. ಅವರು ನೋಡಿದ್ದು ನನ್ನನ್ನೋ ಕ್ಯಾಮೆರಾವನ್ನೋ ಎಂದು ಮುಂದೆ ಎಷ್ಟೋ ಸಲ ಅನ್ನಿಸಿದೆ.

ಮದುವೆಯಾಗಿ ಬಂದ ಮೇಲೆ ಅತ್ತೆ ನನ್ನ ಟ್ರಂಕಿನ ಸಾಮಾನು ಬಂಧುಗಳಿಗೆ ತೋರಿಸುವಾಗ ಆ ಚೀಲವನ್ನೂ ತೋರಿಸಿ, "ಇದು ನಮ್ಮ ಮಗಗ ಕೊಟ್ಟಾರ" ಎಂದರು. "ಅದು ನಂದು ರೀ ಅತ್ತಿ" ಎಂದೆ. "ನಿಂದೇ ಬೇ, ಯಾರ ಇಲ್ಲ ಅಂದ್ರು?" ಎಂದು ನಕ್ಕು ಮುಂದಿನ ಸೀರೆ ಎತ್ತಿದರು.

ಗಂಡನಿಗೆ ಕಲಿಸಿದ್ದು ನಾನೇ. ಪ್ರೀತಿಯಿಂದಲೇ ಕಲಿಸಿದೆ. ಆದರೆ ಅವರಿಗೆ ತಾಳ್ಮೆ ಇರಲಿಲ್ಲ. ಎರಡು ತುಂಡು ಕೂಡುವವರೆಗೆ ಕಾಯದೆ ಒತ್ತಿಬಿಡುತ್ತಿದ್ದರು. ಬಿಸಿಲಿಗೆ ಎಷ್ಟು, ನೆರಳಿಗೆ ಎಷ್ಟು ಎಂಬ ಅಳತೆ ಅವರ ತಲೆಗೆ ಹತ್ತಲಿಲ್ಲ. ಕುತ್ತಿಗೆಗೆ ಹಾಕಿಕೊಂಡು ಊರಲ್ಲಿ ತಿರುಗುವುದು ಮಾತ್ರ ಮೊದಲ ದಿನದಿಂದಲೇ ಬಂತು. ಬಳಗದಲ್ಲಿ ಮದುವೆ, ತೊಟ್ಟಿಲ ಕಾರ್ಯ ಇದ್ದರೆ ಒಳಕೋಣೆಯಲ್ಲಿ ನಾನು ಎಲ್ಲ ಹೊಂದಿಸಿ ಕೊಡುತ್ತಿದ್ದೆ. ಅವರು ಹೊರಗೆ ಹೋಗಿ ಗುಂಡಿ ಒತ್ತಿ ಬರುತ್ತಿದ್ದರು. ಬೆಳಕು ಬದಲಾದರೆ ಮತ್ತೆ ಒಳಗೆ ಬಂದು, "ಸ್ವಲ್ಪ ನೋಡು" ಎನ್ನುತ್ತಿದ್ದರು.

"ನಾನೇ ಬಂದು ತೆಗೀಲ್ಯಾ?" ಎಂದು ಒಮ್ಮೆ ಕೇಳಿದೆ.

"ಅಷ್ಟು ಗಂಡಸರ ನಡುವ ನೀ ನಿಂತು ತೆಗದ್ರ ಜನ ಏನಂತಾರ? ನಾ ಅನ್ನಂಗಿಲ್ಲ. ಜನ ಅಂತಾರ."

ಅವರು ಎಂದೂ ಗದರಿದವರಲ್ಲ, ಕೈ ಎತ್ತಿದವರಲ್ಲ. ಅದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ನನ್ನ ಸಂಕಟ ಯಾರಿಗೂ ಅರ್ಥವಾಗದಿರಲು ಅದೂ ಒಂದು ಕಾರಣವಾಯಿತು. ಅಂಥ ಗಂಡನ ಮೇಲೆ ಏನು ದೂರು ಹೇಳುವುದು?

ಮದುವೆಯ ಮೇಲೆ ನನಗೆ ಅಫಜಲಪುರಕ್ಕೆ ಹತ್ತಿರದ ಅತನೂರಿನ ಶಾಲೆಗೆ ವರ್ಗವಾಗಿತ್ತು. ಒಂದು ಮಳೆಗಾಲ ಭೀಮಾ ನದಿಗೆ ಮಹಾಪೂರ ಬಂದು ದಂಡೆಯ ಊರುಗಳ ಮಣ್ಣಿನ ಮನೆಗಳು ಕುಸಿದವು. ಅತನೂರಿನ ಹೆಂಗಸರು ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಶೇಂಗಾದ ಹಿಂಡಿ ಚಟ್ನಿ ಕಟ್ಟಿ ಟ್ರ್ಯಾಕ್ಟರಿಗೆ ಹೇರಿದರು. ಹಂಚಲು ನಾವು ಟೀಚರುಗಳೂ ಹೋಗುವುದೆಂದಾಯಿತು. ಅವತ್ತು ಭಾನುವಾರ. ಕ್ಯಾಮೆರಾ ಚೀಲ ಎತ್ತಿಕೊಂಡಾಗ ಗಂಡ ಮಂಚದ ಮೇಲೆ ಪೇಪರು ಓದುತ್ತಿದ್ದರು.

"ಕೆಸರಾಗ ಏನು ಫೋಟೋ ತಗೀತಿ? ಅಲ್ಲಿ ಏನದ?" ಎಂದರು.

"ನೀವೂ ಬರ್ರಿ."

"ನಾ ಯಾಕ ಬರ್ಲಿ. ಹುಷಾರು, ಲೆನ್ಸಿಗಿ ನೀರು ತಾಗಿಸಬ್ಯಾಡ."

ನಾವು ಹೊರಟ ದಂಡೆಯ ಊರಿಗೆ ಟ್ರ್ಯಾಕ್ಟರು ಪೂರ್ತಿ ಹೋಗಲಿಲ್ಲ. ಇಳಿದು ನಡೆದೆವು. ಮೊಣಕಾಲು ಮಟ್ಟ ಕೆಸರು. ನನ್ನದೊಂದು ಚಪ್ಪಲಿ ಎಲ್ಲೋ ಹೂತುಹೋಯಿತು, ತೆಗೆಯಲು ಬಾಗಿದರೆ ಕ್ಯಾಮೆರಾ ಒದ್ದೆಯಾಗುತ್ತದೆಂದು ಇನ್ನೊಂದನ್ನೂ ಅಲ್ಲೇ ಬಿಟ್ಟೆ. ಚೀಲವನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದೆ. ಕೊಳೆತ ಜೋಳದ ಕಣಿಕೆಯ ನಾತ, ಒಣಗಲು ಹಾಕಿದ ಕೌದಿಗಳು.

ಊರ ತುದಿಯಲ್ಲಿ ಒಂದು ಮನೆಯ ಎಲ್ಲ ಗೋಡೆಗಳೂ ಕುಸಿದು ಮಣ್ಣಿನ ಗುಡ್ಡೆಯಾಗಿದ್ದವು. ಮುಂದಿನ ಚೌಕಟ್ಟು ಮತ್ತು ಎರಡು ಕದ ಮಾತ್ರ ನಿಂತಿದ್ದವು. ಬಲವಾದ ಹಳೆ ಕಟ್ಟಿಗೆ. ಅಲ್ಲಿ ಒಬ್ಬ ಹೆಂಗಸು ಇದ್ದಳು, ನಡುವಯಸ್ಸು. ರೊಟ್ಟಿ ಬಂದಾವ ಬಾ ಎಂದು ಯಾರೋ ಕರೆದರು. ಆಕೆ ಮಣ್ಣಿನ ಗುಡ್ಡೆಯಿಂದ ಇಳಿದು, ಚೌಕಟ್ಟಿನೊಳಗಿಂದ ಹೊರಗೆ ಬಂದು, ಎರಡು ಕದ ಎಳೆದು, ಚಿಲಕ ಹಾಕಿ, ಕೀಲಿ ಹಾಕಿ, ಜಗ್ಗಿ ನೋಡಿದಳು. ಪಕ್ಕದಲ್ಲಿ ಗೋಡೆಯಿದ್ದ ಜಾಗದಿಂದ ಒಂದು ಆಡು ಒಳಗೆ ಹೋಗುತ್ತಿತ್ತು. ಅಗಲಕ್ಕೆ ಹಿಡಿಯುವ ಲೆನ್ಸು ಹಾಕಿಯೇ ಇತ್ತು. ಕೀಲಿ ಜಗ್ಗುವ ಹೊತ್ತಿಗೆ ಒತ್ತಿದೆ.

ಆಕೆ ತಿರುಗಿ ನನ್ನನ್ನು ನೋಡಿದಳು. "ಕೀಲಿ ಯಾಕ ಹಾಕಿದ್ರಿ?" ಎಂದು ಕೇಳಿಬಿಟ್ಟೆ.

"ಹಾಕದ ಹೋದ್ರ ಸಮಾಧಾನ ಆಗಂಗಿಲ್ಲ ಬಾಯಾರ" ಎಂದು ಕೀಲಿಕೈ ನಡುವಿಗೆ ಸಿಗಿಸಿಕೊಂಡಳು. ನನ್ನ ಬರಿಗಾಲು ನೋಡಿ, "ಮುಳ್ಳದಾವ, ನೋಡಿಕೊಂಡು ಬರ್ರಿ" ಎಂದು ಮುಂದೆ ನಡೆದಳು.

ಸಂಜೆ ಮನೆಗೆ ಬಂದು ಎಲ್ಲವನ್ನೂ ಗಂಡನಿಗೆ ಹೇಳಿದೆ. ಕೆಸರು, ಚಪ್ಪಲಿ, ಆ ಹೆಂಗಸಿನ ಮಾತು. ಅವರು ಪೇಪರು ಮಡಚಿಟ್ಟು ಮನಸ್ಸಿಟ್ಟು ಕೇಳಿದರು. ಅಷ್ಟು ಮನಸ್ಸಿಟ್ಟು ಕೇಳಿದ್ದಕ್ಕೆ ನನಗೆ ಖುಷಿಯೂ ಆಗಿತ್ತು. ರೋಲನ್ನು ಆಳಂದಕ್ಕೆ ಹೋದಾಗ ಖಾಲಾ ಹತ್ತಿರ ತೊಳೆಸಿ, ಆ ಒಂದು ಫೋಟೋವನ್ನು ದೊಡ್ಡದು ಮಾಡಿಸಿ ತಂದೆ.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಅವರು, "ಗುಲ್ಬರ್ಗಾದಾಗ ಫೋಟೋ ಪ್ರದರ್ಶನ ಇಟ್ಟಾರ. ನಮ್ಮ ಫೋಟೋಕ್ಕ ಮೊದಲನೇ ಬಹುಮಾನ ಬಂದದ. ಚಲೋ ಸೀರಿ ಉಟ್ಕೊ, ಹೋಗೂನು" ಎಂದರು. ಕಳಿಸಿದ್ದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಂತೆ ಕಳಿಸಿ ಆಶ್ಚರ್ಯಪಡಿಸಲು ಬಯಸಿದ್ದಾರೆ ಎಂದುಕೊಂಡೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ವೇದಿಕೆಗೆ ಕರೆದರೆ ಏನು ಮಾತಾಡಬೇಕೆಂದು ಎರಡು ಸಾಲು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಆ ಹೆಂಗಸಿನ ಬಗ್ಗೆ ಹೇಳಬೇಕು ಎಂದಿತ್ತು.

ಸಭಾಂಗಣದ ಗೋಡೆಯ ಮೇಲೆ ನನ್ನ ಫೋಟೋ ಚೌಕಟ್ಟಿನಲ್ಲಿತ್ತು. ಕೆಳಗೆ ನನ್ನ ಗಂಡನ ಹೆಸರು.

ಬರೆದವರು ತಪ್ಪು ಮಾಡಿರಬೇಕು ಎಂದು ಮೊದಲು ಅನ್ನಿಸಿತು. ಮೈಕಿನಲ್ಲಿ ಕರೆದದ್ದೂ ಅದೇ ಹೆಸರನ್ನು. ಅವರು ಎದ್ದು ಹೋಗಿ ಶಾಲು ಹೊದಿಸಿಕೊಂಡರು. ಎರಡು ಮಾತಾಡಿ ಎಂದರು ಸಂಘಟಕರು. ಅವರು ಪುಸ್ತಕದ ಕನ್ನಡದಲ್ಲಿ ಚೆನ್ನಾಗಿ ಮಾತಾಡಿದರು. "ಮೊಣಕಾಲಿನವರೆಗೆ ಕೆಸರು. ನನ್ನ ಚಪ್ಪಲಿ ಹೂತುಹೋಯಿತು, ಆದರೆ ಕ್ಯಾಮೆರಾ ಒದ್ದೆಯಾಗಲು ಬಿಡಲಿಲ್ಲ. ಆ ತಾಯಿಯನ್ನು ಕೇಳಿದೆ, ಅಮ್ಮಾ, ಬೀಗ ಏಕೆ ಹಾಕುತ್ತೀರಿ ಎಂದು." ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕ ಕುಳಿತಿದ್ದ ಅಪರಿಚಿತ ಹೆಂಗಸು ಕಣ್ಣೊರೆಸಿಕೊಂಡು, "ನಿಮ್ಮ ಯಜಮಾನರೇನ್ರಿ? ಪುಣ್ಯ ಮಾಡೀರಿ" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ. "ಅದು ನಾ ತೆಗದದ್ದಲ್ರೀ?"

"ನೀನೇ ತಗದಿ. ನಾ ಇಲ್ಲ ಅಂದೇನೇನು?"

"ಮತ್ತ ನಿಮ್ಮ ಹೆಸರು?"

"ಹೆಂಗಸರ ಹೆಸರು ಹಾಕಿದ್ರ ಅವರು ಲಕೋಟಿ ಸುದ್ದಾ ಬಿಚ್ಚಿ ನೋಡ್ತಿದ್ದಿಲ್ಲ. ಗಂಡ ಹೆಂಡ್ತಿ ನಡುವ ನಿಂದು ನಂದು ಅಂತ ಏನದ? ಶಾಲು ನೀನೇ ಹೊದ್ಕೊ" ಎಂದು ಶಾಲನ್ನು ನನ್ನ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ನಿದ್ದೆ ಮಾಡಿದರು. ನಿಜವಾಗಿಯೂ ನಿದ್ದೆ ಬಂದಿತ್ತು ಅವರಿಗೆ.

ಅತ್ತೆಯ ಮುಂದೆ ಹೇಳಿದಾಗ ಅವರು, "ಗಂಡಗ ಮಾನ ಬಂದ್ರ ನಿನಗ ಬಂದಂಗಲ್ಲೇನು? ಎಂಥಾಕಿ ಬೇ ನೀ" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ಅಪ್ಪನಿಗೂ ಹೇಳಿದೆ. ಅಪ್ಪ, "ಇದಕ್ಕೆಲ್ಲಾ ಮನಿ ಮುರ್ಕೊಬಾರದು" ಎಂದರು. ಮನೆ ಮುರಿಯುವ ಮಾತನ್ನು ನಾನು ಆಡಿಯೇ ಇರಲಿಲ್ಲ.

ಆ ಫೋಟೋ ಒಂದು ಪೇಪರಿನಲ್ಲಿಯೂ ಅಚ್ಚಾಯಿತು. ಗಂಡನ ಕಚೇರಿಯ ಗೆಳೆಯರು ಅಭಿನಂದಿಸಲು ಬರುತ್ತೇವೆಂದರು. ಒಂದು ರಜೆಯ ದಿನ ಮಧ್ಯಾಹ್ನ ಊಟಕ್ಕೆ ಕರೆದಿದ್ದಾಯಿತು. ಹೋಳಿಗೆ ಮಾಡಿದ್ದೆ. ಅವರೆಲ್ಲ ಉಣ್ಣುತ್ತಿರುವಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಹೆಗಲಿಗೆ ಚೀಲ, ಕೈಯಲ್ಲಿ ಮಡಚಿದ ಪೇಪರು. ನಾನು ತಕ್ಷಣ ಗುರುತಿಸಿದೆ. ಆಕೆಯೂ ಗುರುತಿಸಿದಳು.

"ಬಾಯಾರ, ನೀವು ಸಿಕ್ರಿ, ಚಲೋ ಆತು. ನಮ್ಮೂರ ಮಾಸ್ತರ್ರು ಇದು ನಿನ್ನ ಫೋಟೋ ಅಂತ ತೋರ್ಸಿ ಈ ಮನಿ ಪತ್ತಾ ಹೇಳಿದ್ರು. ನನಗೊಂದು ಬೇಕಾಗಿತ್ರಿ. ಸರ್ಕಾರದ ಪರಿಹಾರಕ್ಕ ಬಿದ್ದ ಮನಿ ಬರ್ಕೊಂಡು ಹೋಗಾಕ ಬಂದಾಂವ ದೂರಿಂದ ಕೀಲಿ ಹಾಕಿದ ಬಾಗಿಲಾ ನೋಡಿ, ಇವರ ಮನಿ ನಿಂತದ ಅಂತ ಬರ್ಕೊಂಡು ಹೋಗ್ಯಾನ. ಈ ಫೋಟೋ ತೋರ್ಸಿದ್ರ ನಂಬ್ತಾರ."

ಗಂಡನ ಗೆಳೆಯರೊಬ್ಬರು ಎಲೆಯಿಂದ ತಲೆ ಎತ್ತಿ, "ಏ ಯಮ್ಮಾ, ಫೋಟೋ ತೆಗದವರು ಇಲ್ಲಿದ್ದಾರ ನೋಡು, ಸಾಹೇಬ್ರು. ಅವರಿಗಿ ಕೇಳು" ಎಂದರು.

ಆಕೆ ನನ್ನ ಗಂಡನನ್ನು ನೋಡಿದಳು. "ಈ ಯಪ್ಪಾರನ್ನ ನಾ ನೋಡೇ ಇಲ್ರಿ. ಈ ಬಾಯಾರು ತೆಗದಾರ. ಬರಿಗಾಲಲೆ ಬಂದಿದ್ರು."

ಗಂಡ ನನ್ನ ಕಡೆ ನೋಡಲಿಲ್ಲ, ಎಲೆಯಲ್ಲಿ ಹೋಳಿಗೆಯ ಮೇಲೆ ತುಪ್ಪವನ್ನು ಬೆರಳಿನಿಂದ ಹರಡುತ್ತಿದ್ದರು. ನಾನು ಹೇಳಿದೆ. "ಹೌದ್ರಿ, ಆಕಿ ಹೇಳೋದು ಖರೇ ಅದ. ನಾನೇ ತೆಗದೀನಿ."

ಹಿರಿಯ ಗೆಳೆಯರೊಬ್ಬರು ಜೋರಾಗಿ ನಕ್ಕರು. "ವೈನಿಯವರು ಭಾರೀ ಚಾಷ್ಟಿ ಮಾಡ್ತಾರ ನೋಡ್ರಿ" ಎಂದರು. ಉಳಿದವರೂ ನಕ್ಕರು. ಗಂಡ ಎಲ್ಲರ ಕೊನೆಗೆ ನಕ್ಕರು. ಇನ್ನೊಬ್ಬರು, "ನಮ್ಮಾಕಿನೂ ಹಂಗೇರಿ, ನನ್ನ ಪಗಾರ ತಾನೇ ದುಡೀತೀನಿ ಅಂತಾಳ" ಎಂದರು. ಮತ್ತೆ ನಗೆ. ನಾನು ಹೇಳಿದ್ದನ್ನು ಯಾರೂ ಸುಳ್ಳೆನ್ನಲಿಲ್ಲ. ಅದನ್ನು ಮಾತೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅತ್ತೆ ಆ ಹೆಂಗಸನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಉಣ್ಣಲು ಕೊಟ್ಟರು. ನಾನು ಹೋಗಿ ಆಕೆಯ ಪಕ್ಕ ಕುಳಿತೆ. "ನಾ ಏನರ ತಪ್ಪು ಮಾತಾಡಿದ್ನೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ನನ್ನ ಹತ್ತಿರವಿದ್ದ ಒಂದು ಪ್ರಿಂಟನ್ನು ಆಕೆಗೆ ಕೊಟ್ಟೆ. ಅದನ್ನು ತೋರಿಸಿದ ಮೇಲೆ ಆಕೆಗೆ ಮಾಡಿಗೆ ತಗಡು ಸಿಕ್ಕವೆಂದು ಆ ಊರಿನ ಮಕ್ಕಳಿಂದ ಮುಂದೆ ತಿಳಿಯಿತು. ಆ ಚಿತ್ರದಿಂದ ಆದ ಒಳ್ಳೆಯದು ಅದೊಂದೇ.

ಅವತ್ತಿನಿಂದ ನಾನು ಕ್ಯಾಮೆರಾ ಹೊಂದಿಸಿ ಕೊಡುವುದನ್ನು ನಿಲ್ಲಿಸಿದೆ. ಜಗಳ ಮಾಡಲಿಲ್ಲ. ಕೊಡಲಿಲ್ಲ, ಅಷ್ಟೆ. ಗಂಡನಿಗೆ ಈಗ ಊರಲ್ಲಿ ದೊಡ್ಡ ಹೆಸರು. ಜೇವರ್ಗಿಯ ಒಬ್ಬ ಸ್ಥಿತಿವಂತರು ತಮ್ಮ ಮಗಳ ಮದುವೆಗೆ, ಬಹುಮಾನ ಬಂದವರೇ ತೆಗೆಯಬೇಕೆಂದು ಹಟ ಹಿಡಿದರು. ಗಂಡ ಒಪ್ಪಿಕೊಂಡು ಬಂದು ಕ್ಯಾಮೆರಾವನ್ನು ನನ್ನ ಮುಂದಿಟ್ಟರು.

"ಫ್ಲ್ಯಾಷಿಗಿ ಎಷ್ಟಕ್ಕ ಇಡಬೇಕು?"

"ಬಹುಮಾನ ತಗೊಂಡವರು ನೀವು. ನಿಮಗ ಗೊತ್ತಿರಬೇಕು" ಎಂದೆ.

ಅವರ ಮುಖ ಕಪ್ಪಿಟ್ಟಿತು. ಮತ್ತೆ ಕೇಳಲಿಲ್ಲ. ಹೋದರು, ರಾತ್ರಿಯ ಮದುವೆಯಲ್ಲಿ ರೋಲಿನ ಮೇಲೆ ರೋಲು ತೆಗೆದರು. ಗುಲ್ಬರ್ಗಾದಲ್ಲಿ ತೊಳೆಸಿದಾಗ ಪ್ರತಿಯೊಂದು ಚಿತ್ರದಲ್ಲೂ ಅರ್ಧ ಭಾಗ ಕಪ್ಪು. ಫ್ಲ್ಯಾಷು ಹಾಕಿದಾಗ ಕ್ಯಾಮೆರಾದೊಳಗಿನ ಪರದೆ ನಿಧಾನ ತೆರೆಯುವಂತೆ ಇಡಬೇಕು, ಅವರು ಹೊರಗಿನ ಬಿಸಿಲಿನ ವೇಗದಲ್ಲೇ ಬಿಟ್ಟಿದ್ದರು. ಮದುಮಗ ಇದ್ದ, ಅಕ್ಷತೆ ಹಾಕುವ ಕೈಗಳಿದ್ದವು, ಮದುಮಗಳಿರಲಿಲ್ಲ. ಒಂದರಲ್ಲೂ ಇರಲಿಲ್ಲ. ಆ ಹುಡುಗಿಯನ್ನು ನೆನೆದರೆ ನನಗೆ ಈಗಲೂ ಮರುಕವಾಗುತ್ತದೆ. ಗಂಡನನ್ನು ನೆನೆದು ಆಗುವುದಿಲ್ಲ.

ಜೇವರ್ಗಿಯವರು ಮನೆಯ ಮುಂದೆ ಬಂದು ಮಾತಾಡಿ ಹೋದರು. ಗಂಡ ಅವರಿಗೆ ಕೈಮುಗಿದು, "ಕ್ಯಾಮೆರಾ ಭಾಳ ಹಳೇದು, ಕೆಟ್ಟಿತ್ತು" ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಮರುವಾರ ನಾನು ಶಾಲೆಯಿಂದ ಬಂದಾಗ ಚೀಲ ಗೂಟದಲ್ಲಿರಲಿಲ್ಲ. ಗಂಡ ಖಜೂರಿ ಎಂಬ ಊರಿಗೆ ಯಾವುದೋ ಕೆಲಸಕ್ಕೆಂದು ಹೋಗಿ, ಅಲ್ಲಿಂದ ಲಾರಿ ಹತ್ತಿ ಸೊಲ್ಲಾಪುರಕ್ಕೆ ಹೋಗಿದ್ದರು. ಸಂಜೆ ಬಂದರು. ಕೈಯಲ್ಲಿ ಹೊಸದೊಂದು ಪುಟ್ಟ ಕ್ಯಾಮೆರಾ, ಎಲ್ಲ ತಾನೇ ಮಾಡಿಕೊಳ್ಳುವಂಥದು. ಉಂಗುರವಿಲ್ಲ, ಅಳತೆಯಿಲ್ಲ. ಮೂಲೆಯಲ್ಲಿ ನೋಡಲು ಬೇರೆ ಒಂದು ಕಿಂಡಿ. "ಗುಂಡಿ ಒತ್ತಿದ್ರ ಮುಗೀತು. ಇನ್ನ ನಿನಗೂ ತ್ರಾಸಿಲ್ಲ" ಎಂದು ನನ್ನ ಕೈಗೆ ಕೊಟ್ಟರು. ಹಳೆಯದನ್ನು ಯಾವ ಅಂಗಡಿಗೆ ಕೊಟ್ಟಿರಿ ಎಂದು ಕೇಳಿದೆ. ನೆನಪಿಲ್ಲ ಎಂದರು. ಆ ಹೊಸದನ್ನು ನಾನು ಒಮ್ಮೆಯೂ ಕಣ್ಣಿಗೆ ಹಿಡಿಯಲಿಲ್ಲ.

ಆಳಂದಕ್ಕೆ ಹೋಗಿ ಖಾಲಾಗೆ ಹೇಳಿದೆ. ಅವರು ಆಗ ಬಹಳ ಸೋತಿದ್ದರು, ಮಂಚದಿಂದ ಏಳುತ್ತಿರಲಿಲ್ಲ. ನಾನು ಅತ್ತು ಮುಗಿಸಿದ ಮೇಲೆ, "ಮಾರಬೇಕಿತ್ತು ಅಂದ್ರ ನನಗ ಕೇಳಬೇಕಿತ್ತು ಆ ಮನುಷ್ಯಾ. ನಾ ಹೊಳ್ಳಿ ತಗೋತಿದ್ದೆ" ಎಂದರು. ಅದನ್ನು ಬಿಟ್ಟು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ನನಗೆ ಅದೇ ಒಳ್ಳೆಯದೆನಿಸಿತು. ಮುಂದಿನ ರಂಜಾನಿನ ಹೊತ್ತಿಗೆ ಅವರು ಇರಲಿಲ್ಲ.

ನಾವಿಬ್ಬರೂ ಹಾಗೆಯೇ ಸಂಸಾರ ಮಾಡಿದೆವು. ಮಗಳು ಹುಟ್ಟಿದಳು. ನನಗೆ ಜೇವರ್ಗಿಗೆ ವರ್ಗವಾಗಿ ಮನೆಯನ್ನೂ ಅಲ್ಲಿಗೇ ಸಾಗಿಸಿದೆವು. ಆ ಫೋಟೋ ಚೌಕಟ್ಟು ಸಮೇತ ಅಲ್ಲಿಗೂ ಬಂತು. ಮನೆಗೆ ಯಾರೇ ಬಂದರೂ ಗಂಡ ಅದರ ಕಥೆ ಹೇಳುತ್ತಿದ್ದರು. ಮೊದಮೊದಲು ನನ್ನ ಕಣ್ಣು ತಪ್ಪಿಸಿ ಹೇಳುತ್ತಿದ್ದರು. ವರ್ಷ ಕಳೆದಂತೆ ನನ್ನ ಮುಖ ನೋಡಿಕೊಂಡೇ, ಯಾವ ಅಳುಕೂ ಇಲ್ಲದೆ ಹೇಳತೊಡಗಿದರು.

ಮಗಳು ಶಾಲೆಯ ಎರಡನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಅದೇನೆಂದು ಕೇಳಿದಳು. ಗಂಡ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿದರು. ನಾನು ಹತ್ತಿರದಲ್ಲೇ ಮಕ್ಕಳ ಪರೀಕ್ಷೆಯ ಉತ್ತರಗಳನ್ನು ತಿದ್ದುತ್ತ ಕೂತಿದ್ದೆ. ಈ ಸಲ ಕಥೆಯಲ್ಲಿ ಹೊಸದೂ ಇತ್ತು. ಆ ಆಡು ಕೆಸರಿನಲ್ಲಿ ಸಿಕ್ಕಿಕೊಂಡಿತ್ತಂತೆ, ಇವರು ಎತ್ತಿ ಒಣ ಜಾಗಕ್ಕೆ ಬಿಟ್ಟರಂತೆ, ಅದು ಇವರ ಅಂಗಿಗೆ ಒದ್ದಿತಂತೆ. ಹೇಳುವಾಗ ಅವರ ಕೈ ಅಂಗಿಯ ಆ ಜಾಗವನ್ನು ಒರೆಸಿತು. ಆಗ ನನಗೆ ತಿಳಿಯಿತು, ಅವರು ಸುಳ್ಳು ಹೇಳುತ್ತಿರಲಿಲ್ಲ. ಅದು ಅವರ ನೆನಪೇ ಆಗಿಬಿಟ್ಟಿತ್ತು. ಅವರು ಅಲ್ಲಿಗೆ ಹೋಗಿದ್ದರು, ಕಾಲು ತಣ್ಣಗಾಗಿತ್ತು, ಆಡು ಒದ್ದಿತ್ತು. ಅವರಿಂದ ಇನ್ನು ಏನನ್ನೂ ಒಪ್ಪಿಸಲು ಸಾಧ್ಯವಿರಲಿಲ್ಲ.

"ಆ ಫೋಟೋ ನಾ ತೆಗದದ್ದು" ಎಂದೆ ಮಗಳಿಗೆ, ತಲೆ ಎತ್ತದೆ.

ಮಗಳು ಅಪ್ಪನ ಮುಖ ನೋಡಿದಳು.

"ಹೌದವ್ವಾ, ನಿಮ್ಮವ್ವನೂ ಬಂದಿದ್ಲು ಅವತ್ತ" ಎಂದರು ಗಂಡ, ಮೃದುವಾಗಿ.

"ಹಂಗಾರ ಅವ್ವಂದು ಯಾಕ ತಗೀಲಿಲ್ಲ ಅಪ್ಪಾ?"

ಅವರು ಗೋಡೆಯ ಕಡೆ ನೋಡುತ್ತ ನೆನಪಿಸಿಕೊಂಡರು.

"ರೋಲ್ ಮುಗದಿತ್ತು" ಎಂದರು.